ಪೈಪ್ ಬಂತು ಸರಿ, ಕಡೇ ಮನೆ ನಲ್ಲೀಲಿ ನೀರು ಹೆಂಗಿದೆ?

ನಮಸ್ಕಾರ ಎಲ್ರಿಗೂ. ಒಂದು ಏರಿಯಾಗೆ ಮೊದಲನೇ ಸಲ ಕುಡಿಯೋ ನೀರಿನ ಲೈನ್ ಬಂದಾಗ ಅಲ್ಲಿನ ಜನಕ್ಕೆ ಆಗೋ ಖುಷಿ ಇದ್ಯಲ್ಲ, ಅದು ಸಣ್ಣದಲ್ಲ. ಕೊಡ ಹೊತ್ತು ಹೊತ್ತು ಸೊಂಟ ಬಿದ್ದೋಗಿರೋ ಹೆಂಗಸರು, ಟ್ಯಾಂಕರ್ ಬರತ್ತೆ ಅಂತ ಕೆಲಸಕ್ಕೆ ರಜ ಹಾಕಿ ಕಾಯೋರು, ನೀರಿಗೋಸ್ಕರ ಸ್ಕೂಲ್ ತಪ್ಪಿಸೋ ಹುಡ್ಗೀರು, ಇವರಿಗೆಲ್ಲ ಅವರ ದಿನ ವಾಪಸ್ ಸಿಕ್ಕಂಗೆ. ಆ ಕೆಲಸ ಮಾಡಿದ ಸ್ಥಳೀಯ ಆಡಳಿತಕ್ಕೆ ಮನಸಾರೆ ಥ್ಯಾಂಕ್ಸ್ ಹೇಳ್ಬೇಕು. ಆದ್ರೆ ಉದ್ಘಾಟನೆ ಮುಗಿದ್ಮೇಲೆ ಏನಾಗತ್ತೆ ಅನ್ನೋದ್ರ ಬಗ್ಗೆ ಮಾತಾಡೋರು ಕಮ್ಮಿ, ಅದಕ್ಕೇ ಈ ವಿಡಿಯೋ.

ನನ್ನ ಪ್ರಶ್ನೆ ಒಂದೇ. ನೀರು ಟೆಸ್ಟ್ ಮಾಡೋದು ಎಲ್ಲಿ? ಎಷ್ಟೋ ಕಡೆ ಶುದ್ಧೀಕರಣ ಘಟಕದಲ್ಲಿ, ಇಲ್ಲಾ ಓವರ್‌ಹೆಡ್ ಟ್ಯಾಂಕ್ ಹತ್ರ. ಅಲ್ಲಿ ನೀರು ಚೆನ್ನಾಗೇ ಇರತ್ತೆ. ಆದ್ರೆ ಅಲ್ಲಿಂದ ಲೈನಿನ ಕಡೇ ಮನೆ ತನಕ ಮಣ್ಣಿನೊಳಗೆ ಅದು ಎಷ್ಟು ಜಾಯಿಂಟ್, ಎಷ್ಟು ವಾಲ್ವ್ ದಾಟಿ ಬರ್ಬೇಕು ಯೋಚ್ನೆ ಮಾಡಿ, ಎಷ್ಟೋ ಕಡೆ ಪಕ್ಕದಲ್ಲೇ ಚರಂಡಿ ಲೈನೂ ಹೋಗಿರತ್ತೆ.

ಇಲ್ಲೊಂದು ವಿಷಯ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಪೈಪಲ್ಲಿ ಯಾವಾಗ್ಲೂ ಒತ್ತಡದಲ್ಲಿ ನೀರಿದ್ರೆ, ಎಲ್ಲೋ ಸಣ್ಣ ಬಿರುಕು ಬಿಟ್ರೂ ನೀರು ಹೊರಗಡೆ ಸೋರತ್ತೆ, ಕೊಳೆ ಒಳಗೆ ಬರಲ್ಲ. ಅದೇ ದಿನಕ್ಕೆ ಒಂದೋ ಎರಡೋ ಗಂಟೆ ನೀರು ಬಿಟ್ಟು ವಾಲ್ವ್ ಮುಚ್ಚಿಬಿಟ್ರೆ ಪೈಪ್ ಖಾಲಿ ಆಗತ್ತೆ, ಒಳಗಿನ ಒತ್ತಡ ಇಳಿಯತ್ತೆ, ಆವಾಗ ಅದೇ ಬಿರುಕಿಂದ ಸುತ್ತಲಿನ ಕೊಳಚೆ ಒಳಗೆ ನುಗ್ಗತ್ತೆ, ಜೊತೆಗೆ ಯಾರಾದ್ರೂ ಲೈನಿಗೆ ಮೋಟರ್ ಹಾಕಿ ಎಳೆದ್ರಂತೂ ಕೇಳೋದೇ ಬೇಡ, ಕೊಳೇನೂ ಸೇರಿಸಿಯೇ ಎಳೆಯತ್ತೆ. ನೀರು ಬಂದ ತಕ್ಷಣ ಮೊದಲ ಕೆಲವು ನಿಮಿಷ ಮಬ್ಬಾಗಿ, ವಾಸನೆ ಹೊಡ್ಕೊಂಡು ಬರತ್ತಲ್ಲ, ಅದಕ್ಕೆ ಇದೂ ಒಂದು ಕಾರಣ. ಅದನ್ನ ಕುಡಿಯೋಕೆ ಹಿಡೀಬೇಡಿ ದಯವಿಟ್ಟು.

ಈ ದಾರೀಲಿ ನೀರಿಗೆ ಕಾವಲು ಅಂದ್ರೆ ಕ್ಲೋರಿನ್. ಘಟಕದಲ್ಲಿ ಹಾಕಿದ ಕ್ಲೋರಿನ್ ದಾರಿಯುದ್ದಕ್ಕೂ ಖರ್ಚಾಗ್ತಾ ಬರತ್ತೆ, ಮನೆ ನಲ್ಲೀಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಆದ್ರೂ ಉಳಿದಿರಬೇಕು. ಇದನ್ನ ನೋಡೋಕೆ ದೊಡ್ಡ ಲ್ಯಾಬ್ ಏನೂ ಬೇಡ, ಸಣ್ಣ ಕಿಟ್ ಬರತ್ತೆ, ಒಂದು ಮಾತ್ರೆ ಹಾಕಿದ್ರೆ ನೀರು ಗುಲಾಬಿ ಬಣ್ಣಕ್ಕೆ ತಿರುಗತ್ತೆ, ಬಣ್ಣ ಬರಲೇ ಇಲ್ಲ ಅಂದ್ರೆ ಕ್ಲೋರಿನ್ ಉಳಿದಿಲ್ಲ ಅಂತ ಲೆಕ್ಕ. ಎರಡು ನಿಮಿಷದ ಕೆಲಸ. (ಫ್ಲೋರೈಡ್, ಆರ್ಸೆನಿಕ್ ಇರೋ ಬೋರ್ ನೀರಿಗೆ ಮಾತ್ರ ಕ್ಲೋರಿನ್ ಹಾಕಿದ್ರೂ ಪ್ರಯೋಜನ ಇಲ್ಲ, ಕುದಿಸಿದ್ರೂ ಇಲ್ಲ, ಅದರ ದಾರಿನೇ ಬೇರೆ.)

ಪೈಪ್, ಮೆಷಿನ್ ಎಲ್ಲ ಇದ್ರೂ ಈ ಎರಡು ನಿಮಿಷದ ಕೆಲಸ ಬಿಟ್ರೆ ಏನಾಗತ್ತೆ? ಕೆನಡಾದಲ್ಲಿ ವಾಕರ್ಟನ್ ಅಂತ ಒಂದು ಪುಟ್ಟ ಊರು, ಸುಮಾರು 5,000 ಜನ ಇದ್ದಿದ್ದು. 2000ನೇ ಇಸವಿ ಮೇ ತಿಂಗಳಲ್ಲಿ ಜೋರು ಮಳೆ ಬಂದು ದನದ ಗೊಬ್ಬರದಲ್ಲಿದ್ದ ಇ-ಕೋಲಿ ಅನ್ನೋ ರೋಗಾಣು ಕುಡಿಯೋ ನೀರಿನ ಬಾವಿಗೆ ಸೇರ್ಕೊಂಡ್ತು. ಅಲ್ಲಿನ ಸಿಬ್ಬಂದಿ ಸರಿಯಾಗಿ ಕ್ಲೋರಿನ್ ಹಾಕ್ತಾ ಇರ್ಲಿಲ್ಲ, ಅಳತೆ ಮಾಡದೇನೇ ರಿಜಿಸ್ಟರಲ್ಲಿ ನಂಬರ್ ಬರೀತಿದ್ರು. 7 ಜನ ಸತ್ತೋದ್ರು, 2,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ರು. ಊರಿಗೆ ಪೈಪ್ ಇರ್ಲಿಲ್ವಾ, ಇತ್ತು. ದುಡ್ಡಿಲ್ಲದ ದೇಶನಾ, ಅಲ್ಲ. ನನಗೆ ಅದನ್ನ ಓದಿದಾಗಿಂದ ಆ ರಿಜಿಸ್ಟರ್ ತಲೆಯಿಂದ ಹೋಗ್ತಾನೇ ಇಲ್ಲ.

ಇದಕ್ಕೆ ಉಲ್ಟಾ ಕಾಂಬೋಡಿಯಾದ ನಾಮ್ ಪೆನ್ ನೋಡಿ. ಯುದ್ಧದಿಂದ ನೆಲ ಕಚ್ಚಿದ್ದ ನಗರ. 1993ರಲ್ಲಿ ಎಕ್ ಸೋನ್ ಚಾನ್ ಅನ್ನೋ ಎಂಜಿನಿಯರ್ ಅಲ್ಲಿನ ನೀರಿನ ಸಂಸ್ಥೆ ಜವಾಬ್ದಾರಿ ತಗೊಂಡಾಗ ಬಿಟ್ಟ ನೀರಲ್ಲಿ ಸುಮಾರು 72% ಲೆಕ್ಕಕ್ಕೇ ಸಿಗ್ತಿರ್ಲಿಲ್ಲ, ಸೋರಿಕೆ, ಕಳ್ಳ ಕನೆಕ್ಷನ್ ಎಲ್ಲ ಸೇರಿ. ಅವರು ಎಲ್ಲರಿಗೂ ಮೀಟರ್ ಹಾಕಿಸಿದ್ರು, ದೊಡ್ಡೋರ ಹತ್ರಾನೂ ಬಿಲ್ ಕಟ್ಟಿಸಿದ್ರು, ಬಡವರಿಗೆ ಕನೆಕ್ಷನ್ ಖರ್ಚಲ್ಲಿ ರಿಯಾಯಿತಿ ಕೊಟ್ರು, ಸೋರಿಕೆ ಹುಡುಕೋಕೆ ಅಂತಲೇ ರಾತ್ರಿ ಹಗಲು ಟೀಮ್ ಇಟ್ರು. ನಷ್ಟ ಸುಮಾರು 6%ಕ್ಕೆ ಇಳೀತು, 24 ಗಂಟೆ ನೀರು, ಅದೂ ನಲ್ಲಿಯಿಂದ ನೇರವಾಗಿ ಕುಡಿಯೋ ಅಂಥದ್ದು. ಪ್ರತಿದಿನದ ದುರಸ್ತಿ, ಪ್ರತಿದಿನದ ಲೆಕ್ಕ, ಇದನ್ನ ಯಾರೂ ರಿಬ್ಬನ್ ಕಟ್ ಮಾಡಿ ಫೋಟೋ ತೆಗೆಸ್ಕೊಳಲ್ಲ, ಆದ್ರೆ ನೀರು ಚೆನ್ನಾಗಿರೋದು ಇದರಿಂದಾನೇ.

ಅದಕ್ಕೆ ನಿಮ್ಮ ಏರಿಯಾಗೆ ಲೈನ್ ಬರ್ತಿದೆ ಅಂದ್ರೆ ಈಗ್ಲೇ ಕೇಳಿ. ಎಷ್ಟು ಕಿಲೋಮೀಟರ್ ಪೈಪ್ ಹಾಕಿದ್ರಿ ಅಂತ ಕೇಳೋದಕ್ಕಿಂತ, ಲೈನಿನ ಕೊನೇ ಮನೇಲಿ ಒತ್ತಡ ಎಷ್ಟು, ಕ್ಲೋರಿನ್ ಎಷ್ಟು, ಯಾವ ದಿನ ಯಾರು ಅಳೆದ್ರು, ಸೋರಿಕೆ ಕಂಡ್ರೆ ಯಾವ ನಂಬರಿಗೆ ಫೋನ್ ಮಾಡ್ಬೇಕು. ಅಷ್ಟನ್ನೂ ವಾರಕ್ಕೊಂದ್ಸಲ ಬೀದಿ ಬೋರ್ಡಿನ ಮೇಲೆ ಬರೆದು ಹಾಕ್ಲಿ, ಕಿಟ್ ಹಿಡ್ಕೊಂಡು ಬಂದವರು ಆ ಕಡೇ ಮನೆಯವರ ಮುಂದೇನೇ ಟೆಸ್ಟ್ ಮಾಡ್ಲಿ.