ಕಣಿವೆಯಿಂದ ಕಾಣುವ ಆರ್ಕೋಸಾಂಟಿ

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ನಗರದಿಂದ ಉತ್ತರಕ್ಕೆ ಸುಮಾರು 110 ಕಿಲೋಮೀಟರ್ ಹೋದರೆ ಆರ್ಕೋಸಾಂಟಿ ಅನ್ನೋ ಪುಟ್ಟ ಊರು ಸಿಗುತ್ತದೆ. ಜನ ಬರುತ್ತಾರೆ, ಕಟ್ಟಡ ನೋಡುತ್ತಾರೆ, ಹಾಗೇ ಹೊರಟುಬಿಡುತ್ತಾರೆ. ನನ್ನನ್ನು ಕೇಳಿದರೆ, ಆ ಊರನ್ನು ಮೊದಲು ಕೆಳಗಿನ ಕಣಿವೆಯಿಂದ ನೋಡಬೇಕು.

ಕಾಲುದಾರಿ ದಿಬ್ಬದಿಂದ ಆಗ್ವಾ ಫ್ರಿಯಾ ನದಿಯ ಕಡೆಗೆ ಇಳಿಯುತ್ತದೆ. ಸುತ್ತ ಕಪ್ಪು ಬಸಾಲ್ಟ್ ಬಂಡೆ, ಪಾಪಸುಕಳ್ಳಿ, ಮೆಸ್ಕೀಟ್ ಗಿಡ. ಈ ಮೆಸ್ಕೀಟ್ ನಮಗೆ ಅಪರಿಚಿತವೇನಲ್ಲ, ನಮ್ಮ ಬಳ್ಳಾರಿ ಜಾಲಿಯ ಹತ್ತಿರದ ನಂಟ. ಅದೇ ಸಣ್ಣ ಎಲೆ, ಅದೇ ಮುಳ್ಳು. ನದಿ ಅಂದರೆ ಸದಾ ತುಂಬಿ ಹರಿಯುವ ನದಿಯಲ್ಲ. ನೀರಿನ ಜಾಡು ತೋರಿಸುವುದು ಕಾಟನ್‌ವುಡ್ ಮರಗಳ ಹಸಿರು ಸಾಲು.

ಅಲ್ಲಿ ನಿಂತು ತಲೆಯೆತ್ತಿ ನೋಡಿ. ಊರೆಲ್ಲಾ ದಿಬ್ಬದ ಅಂಚಿನಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿದೆ. ಕೆಳಗೆ ಶುರುವಿನ ದಿನಗಳ ಶಿಬಿರದ ಒಂದಷ್ಟು ಕಟ್ಟಡ ಬಿಟ್ಟರೆ ಉಳಿದದ್ದು ಬಯಲು. ಇಟಲಿಯ ಟ್ಯೂರಿನ್‌ನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಪಾವೊಲೊ ಸೊಲೇರಿ 1970ರಲ್ಲಿ ಇಲ್ಲಿ ಕೆಲಸ ಶುರುಮಾಡಿದ್ದೇ ಈ ಹಟದಿಂದ. ಊರು ಹರಡಬಾರದು, ಒತ್ತೊತ್ತಾಗಿ ಮೇಲಕ್ಕೆ ಬೆಳೆಯಬೇಕು. ಮನೆ, ಕೆಲಸ, ಊಟ ಎಲ್ಲಾ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಮೈಲಿಗಟ್ಟಲೆ ಚಾಚಿಕೊಂಡ ಫೀನಿಕ್ಸ್ ದಾಟಿ ಬಂದವರಿಗೆ ಈ ಮಾತಿನ ಬೆಲೆ ಬೇಗ ಗೊತ್ತಾಗುತ್ತದೆ.

ಕಟ್ಟಿದ ರೀತಿಯೂ ಚೆಂದ. ಮರದ ಸೆಂಟ್ರಿಂಗ್ ಬದಲು ಮೆಕ್ಕಲು ಮಣ್ಣು. ಮಣ್ಣನ್ನು ಗುಡ್ಡೆ ಹಾಕಿ, ತಟ್ಟಿ ಆಕಾರ ಕೊಡುತ್ತಾರೆ. ಅದರ ಮೇಲೆ ಗೆರೆ ಕೊರೆಯುತ್ತಾರೆ, ಬಣ್ಣ ಹಚ್ಚುತ್ತಾರೆ. ಆಮೇಲೆ ಕಂಬಿ ಕಟ್ಟಿ ಕಾಂಕ್ರೀಟ್ ಸುರಿಯುತ್ತಾರೆ. ಗಟ್ಟಿಯಾದ ಮೇಲೆ ಅಡಿಯ ಮಣ್ಣು ತೆಗೆದರೆ ಆಯಿತು. ಕೊರೆದ ಗೆರೆ, ಹಚ್ಚಿದ ಬಣ್ಣ ಎಲ್ಲಾ ಕಾಂಕ್ರೀಟಿಗೆ ಹತ್ತಿಕೊಂಡಿರುತ್ತದೆ. ಹತ್ತಿರ ಹೋಗಿ ಕೈಯಾಡಿಸಿದರೆ ಮಣ್ಣಿನ ತರಿತರಿ ಬೆರಳಿಗೆ ಸಿಗುತ್ತದೆ.

ಕಂಚಿನ ಗಂಟೆ ಎರಕ ಹೊಯ್ಯುವ ಜಾಗ ಒಂದು ಅರ್ಧ ಗುಮ್ಮಟ, ಮುಖ ದಕ್ಷಿಣಕ್ಕೆ. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಒಳಗೆ ನೆರಳು. ಚಳಿಗಾಲದಲ್ಲಿ ಕೆಳಗಿಳಿಯುತ್ತಾನೆ, ಬಿಸಿಲು ಒಳಕ್ಕೇ ಬರುತ್ತದೆ. ಯಂತ್ರದ ಗೊಡವೆಯೇ ಇಲ್ಲ, ಅಲ್ವಾ? ಆ ಗಂಟೆಗಳನ್ನು ಮಾರಿ ಬಂದ ಹಣವೂ, ಕಲಿಯಲು ಬಂದ ಸಾವಿರಾರು ಜನರ ದುಡಿಮೆಯೂ ಸೇರಿ ಈ ಊರು ಎದ್ದಿದೆ.

5,000 ಜನಕ್ಕೆ ಅಂತ ಯೋಜಿಸಿದ್ದ ಊರಿನಲ್ಲಿ ಈಗಿರುವುದು ಕೆಲವು ಡಜನ್ ಜನ. ಸೊಲೇರಿ 2013ರಲ್ಲಿ ತೀರಿಕೊಂಡರು. ಅಷ್ಟು ಜನ ಒತ್ತಾಗಿ ಬಾಳಬಹುದೇ ಅನ್ನುವುದು ಅಲ್ಲಿ ಪರೀಕ್ಷೆಯೇ ಆಗಲಿಲ್ಲ, ನಿಜ. ಆದರೂ ಅದನ್ನು ಸೋಲು ಅಂತ ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಊರು ಕೆಳಕ್ಕೆ ಹರಡಲಿಲ್ಲ, ಕಣಿವೆ ಉಳಿದಿದೆ.

ನೀವು ಹೋಗುವುದಾದರೆ ಬೇಸಿಗೆ ಬೇಡ. ನೀರು ಜಾಸ್ತಿ ಒಯ್ಯಿರಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಗುಡುಗು ಮಳೆಯ ಕಾಲ. ಎಲ್ಲೋ ದೂರದ ಬೆಟ್ಟಕ್ಕೆ ಮಳೆ ಬಿದ್ದರೂ ಒಣ ಹೊಳೆಗೆ ದಿಢೀರನೆ ನೀರು ನುಗ್ಗಬಹುದು. ಆಗ ನದಿಪಾತ್ರಕ್ಕೆ ಇಳಿಯಲೇಬೇಡಿ.

ನಮಸ್ಕಾರ.