ಪಿಲಾಟೆಸ್ ಮ್ಯಾಟ್: ದಪ್ಪ ನೋಡಿ ಮರುಳಾಗ್ಬೇಡಿ

ಮೂರು ಮ್ಯಾಟ್ ಹಾಸಿದ್ದೀನಿ, ಮೇಲಿಂದ ಕ್ಯಾಮೆರಾದಲ್ಲಿ ಸರಿಯಾಗಿ ಕಾಣ್ತಿದೆಯಲ್ವಾ? ಎಡಗಡೆಯದು 6 ಮಿಲಿಮೀಟರ್, ನಡುವಿಂದು 10, ಬಲಗಡೆ ಉಬ್ಬಿಕೊಂಡು ಕೂತಿರೋದು 15.

ಯೋಗ ಮ್ಯಾಟೇ ಸಾಕಲ್ವಾ ಅಂತ ಕೇಳ್ತೀರಿ. ಸಾಕಾಗಲ್ಲ. ಯೋಗದಲ್ಲಿ ನಿಂತು ಮಾಡೋ ಆಸನ ಜಾಸ್ತಿ, ಅಲ್ಲಿ ಕಾಲಿಗೆ ಹಿಡಿತ ಬೇಕು, ತೆಳ್ಳಗಿದ್ರೇ ಒಳ್ಳೇದು. ಪಿಲಾಟೆಸ್‌ನಲ್ಲಿ ಹೆಚ್ಚಿನದೆಲ್ಲ ಮಲಗಿ, ಕೂತು, ಬೋರಲಾಗಿ. ಈ ವ್ಯಾಯಾಮ ಪದ್ಧತಿ ಶುರು ಮಾಡಿದ ಜೋಸೆಫ್ ಪಿಲಾಟೆಸ್ 1945ರ ಪುಸ್ತಕದಲ್ಲಿ ಕೊಟ್ಟಿರೋ 34 ವ್ಯಾಯಾಮದಲ್ಲಿ ನಿಂತು ಶುರುವಾಗೋದು ಕೊನೇ ಪುಷ್-ಅಪ್ ಮಾತ್ರ. ಆ ಪುಸ್ತಕದ ಫೋಟೋಗಳಲ್ಲಿ ಅರವತ್ತರ ಆಸುಪಾಸಿನ ಆ ಮನುಷ್ಯನ ಹೊಟ್ಟೆ ನೋಡಬೇಕು ನೀವು, ನಮ್ಗೆಲ್ಲ ನಾಚಿಕೆಯಾಗುತ್ತೆ... ಇರ್ಲಿ, ಮ್ಯಾಟ್‌ಗೆ ಬರೋಣ.

ಇದು ರೋಲಿಂಗ್. ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಹಿಂದಕ್ಕೆ ಉರುಳಿದಾಗ ಬೆನ್ನುಮೂಳೆಯ ಒಂದೊಂದು ಮಣಿಯೂ ನೆಲಕ್ಕೆ ತಾಗುತ್ತೆ. 6 ಮಿಲಿಮೀಟರ್ ಮೇಲೆ, ಅದೂ ಟೈಲ್ಸ್ ನೆಲದಲ್ಲಿ, ಬಾಲದ ಮೂಳೆ ನೋಯುತ್ತೆ. ಮಡಚಿ ಸೊಂಟದ ಕೆಳಗೆ ಇಟ್ಕೊಂಡ್ರೆ? ಕೂತು ಮಾಡೋದಕ್ಕೆ ನಡೆಯುತ್ತೆ. ಉರುಳುವಾಗ ಮಡಿಕೆಯ ಅಂಚು ಬೆನ್ನಿಗೆ ಒತ್ತುತ್ತೆ, ಬೇಡ.

ಹಾಗಾದ್ರೆ 15 ತಗೊಂಡ್ರೆ ಮುಗೀತಲ್ಲ ಅನ್ಬೇಡಿ. ನನ್ಗೆ ಸಿಟ್ಟು ಬರೋದೇ ಇಲ್ಲಿ. ಹೆಬ್ಬೆರಳು ನೋಡಿ, ಒತ್ತಿದ ಕೂಡ್ಲೇ ನೆಲ ಸಿಕ್ತು. 15 ಅಂತ ಪ್ಯಾಕೆಟ್ ಮೇಲೆ ಬರೆದಿದ್ದಾರೆ, ಭಾರ ಬಿದ್ದಾಗ ಎಷ್ಟು ಉಳಿಯುತ್ತೆ ಅಂತ ಬರೆಯಲ್ಲ. ಅಗ್ಗದ ಎನ್‌ಬಿಆರ್ ಅನ್ನೋ ಕೃತಕ ರಬ್ಬರ್ ಫೋಮ್‌ನಲ್ಲಿ ಗಾಳಿಯೇ ಜಾಸ್ತಿ. ಭಾರ ಬಿದ್ದಲ್ಲಿ ಕುಸಿಯುತ್ತೆ, ಅಂದ್ರೆ ಮೆತ್ತೆ ಬೇಕಾದ ಕಡೆಯೇ ಇರಲ್ಲ. ಅಂಗೈ, ಕಾಲ್ಬೆರಳ ಮೇಲೆ ಮೈ ನೇರ ಹಿಡಿಯೋ ಪ್ಲ್ಯಾಂಕ್‌ಗೆ ಬನ್ನಿ: ಅಂಗೈಯ ಬುಡ ಒಳಗೆ ಹೂತುಹೋಯ್ತು, ಬೆರಳು ಮೇಲೇ ಉಳೀತು, ಮಣಿಕಟ್ಟು ಇನ್ನಷ್ಟು ಹಿಂದಕ್ಕೆ ಬಾಗಿತು. ಅರ್ಧ ನಿಮಿಷದಲ್ಲೇ ಮಣಿಕಟ್ಟು ನೋಯೋದು ಇದಕ್ಕೇ, ನಿಮ್ಮ ಕೈ ದುರ್ಬಲ ಅಂತ ಅಲ್ಲ. ಕಾಲ್ಬೆರಳು ಒತ್ತಿ ಹಿಂದಕ್ಕೆ ತಳ್ಳಿದಾಗ ಮ್ಯಾಟೇ ರಬ್ಬರ್ ಥರ ಹಿಗ್ಗುತ್ತೆ. ಮಂಡಿಯೂರಿ ಒಂದು ಕಾಲೆತ್ತಿದ್ರೆ ಇಡೀ ಮೈ ತೂಗಾಡುತ್ತೆ. ಹೊಟ್ಟೆಯ ಸ್ನಾಯು ಕೆಲಸ ಮಾಡ್ತಿದೆ ಅಂತ ಖುಷಿ ಪಡ್ಬೇಡಿ, ಅಲ್ಲಾಡ್ತಿರೋದು ಫೋಮ್. ಸಾಲದ್ದಕ್ಕೆ ಆ ತುದಿ ನೋಡಿ, ಮತ್ತೆ ಎದ್ದು ನಿಂತಿದೆ!

ಅದಕ್ಕೆ ಉಪಾಯ ಇದೆ. ಬೆನ್ನು ತಾಗುವ ಮುಖ ಹೊರಗೆ ಬರೋ ಹಾಗೆ ಸುತ್ತಿಡಿ, ಆಗ ಬಿಚ್ಚಿದಾಗ ತುದಿ ನೆಲದ ಕಡೆಗೇ ಬಾಗುತ್ತೆ. ಪಟ್ಟಿ ಬಿಗಿಯಾಗಿ ಕಟ್ಬೇಡಿ, ಕಟ್ಟಿದ ಜಾಗ ತಗ್ಗಾಗಿ ಉಳಿದುಬಿಡುತ್ತೆ.

15 ಯಾರೂ ತಗೋಬಾರ್ದು ಅಂತ ಹೇಳೋಣ ಅನ್ಕೊಂಡಿದ್ದೆ. ತೀರಾ ಹಾಗೂ ಅಲ್ಲ. ಮಲಗಿ ಮಾಡೋದಷ್ಟೇ ಇದ್ರೆ, ಮೂಳೆ ಎದ್ದು ಕಾಣೋ ಮೈ ಇದ್ರೆ, ಗಟ್ಟಿ ಫೋಮ್‌ನ 15 ಸರಿಹೋಗುತ್ತೆ. ಉಳಿದವರಿಗೆ 8ರಿಂದ 10, ಒತ್ತಿದ್ರೆ ಸ್ವಲ್ಪ ಇಳಿದು ತಕ್ಷಣ ಎದ್ದು ಬರಬೇಕು. ಕೈಯಲ್ಲಿ ಮುಟ್ಟಿ ನೋಡೋಕೆ ಆಗಲ್ವಾ? ತೂಕ ನೋಡಿ. ಒಂದೇ ಅಳತೆ, ಒಂದೇ ದಪ್ಪ, ಒಂದೇ ಪದಾರ್ಥದ ಎರಡು ಮ್ಯಾಟ್‌ನಲ್ಲಿ ಭಾರದ್ದೇ ಗಟ್ಟಿ.

ಪದಾರ್ಥ ಬೇಗ ಹೇಳಿಬಿಡ್ತೀನಿ. ಟಿಪಿಇ ಅಂದ್ರೆ ರಬ್ಬರ್ ಥರದ ಪ್ಲಾಸ್ಟಿಕ್, ಹಗುರ, ಬೆವರು ಹೀರಲ್ಲ, ಮನೆಗೆ ನನ್ನ ಮೊದಲ ಆಯ್ಕೆ. ಪಿವಿಸಿ ಪ್ಲಾಸ್ಟಿಕ್ ಭಾರ, ತುಂಬಾ ದಿನ ಬಾಳುತ್ತೆ, ಹೊಸದರಲ್ಲಿ ವಾಸನೆ. ನ್ಯಾಚುರಲ್ ರಬ್ಬರ್‌ನ ಹಿಡಿತ ಗಟ್ಟಿ, ಆದ್ರೆ ಉರುಳುವಾಗ ಟೀ ಶರ್ಟ್ ಅಂಟಿಕೊಂಡು ಮೇಲೇರುತ್ತೆ. ಲ್ಯಾಟೆಕ್ಸ್ ಅಲರ್ಜಿ ಇದ್ದವರು ಅದನ್ನ ಮುಟ್ಟಲೇಬೇಡಿ.

ಉದ್ದ ಮಲಗಿಯೇ ನೋಡ್ಬೇಕು. ತಲೆ, ಹಿಮ್ಮಡಿ ಎರಡೂ ಮ್ಯಾಟ್ ಮೇಲಿದ್ದು ಇನ್ನೂ ಸ್ವಲ್ಪ ಜಾಗ ಉಳೀಬೇಕು, ಮಲಗಿದಲ್ಲಿಂದ ಬೆನ್ನು ಬಾಗಿಸುತ್ತಾ ಎದ್ದು ಕೂರೋ ರೋಲ್-ಅಪ್ ಮಾಡ್ತಾ ಮಾಡ್ತಾ ಮೈ ಜರುಗುತ್ತೆ. ಐದೂವರೆ ಅಡಿ ದಾಟಿದವ್ರಿಗೆ 173 ಸೆಂಟಿಮೀಟರ್ ಸಾಲಲ್ಲ, 183 ತಗೊಳ್ಳಿ. ಅಗಲ 61 ಸಾಮಾನ್ಯ. ಉರುಳುವಾಗ ಪಕ್ಕಕ್ಕೆ ವಾಲೋರಿಗೆ ಇನ್ನೂ ಅಗಲ ಇದ್ರೆ ಒಳ್ಳೇದು, ಕೈ ಹೊರಗೆ ಹೋದ್ರೆ ಪರವಾಗಿಲ್ಲ.

ಹೊಸ ಮ್ಯಾಟ್ ವಾಸನೆ ಹೋಗೋಕೆ ನೆರಳಲ್ಲಿ ಹರಡಿ. ಬಿಸಿಲಿಗೆ ಹಾಕಿದ್ರೆ ಎನ್‌ಬಿಆರ್, ರಬ್ಬರ್ ಎರಡೂ ಬಿರುಕು ಬಿಟ್ಟು ಪುಡಿ ಉದುರುತ್ತೆ. ವಾಷಿಂಗ್ ಮೆಷಿನ್‌ಗೆ ಬೇಡ. ಒದ್ದೆ ಬಟ್ಟೆಗೆ ಎರಡು ಹನಿ ಸೋಪು, ಎರಡೂ ಕಡೆ ಒರೆಸಿ. ಜಾರೋ ಮ್ಯಾಟ್‌ನ ತಳ ತಿರುಗಿಸಿ ನೋಡಿ, ಮುಕ್ಕಾಲು ಪಾಲು ಅದು ಧೂಳಿನ ಕೆಲಸ. ಪೂರ್ತಿ ಒಣಗಿದ ಮೇಲೇ ಸುತ್ತಿ... ಬ್ಯಾಟರಿ ಕೆಂಪಾಯ್ತು, ಕಟ್ ಮಾಡ್ತೀನಿ.