ಒಳಗೆ ಬಿಡದಿದ್ದರೂ ದಾರಿ ತೋರಿಸಿ

‘ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ತಪ್ಪಾಗಿದೆ.’ ಎರಡರಲ್ಲಿ ಯಾವುದು ತಪ್ಪು ಅಂತ ಹೇಳೋಕೆ ಇವರಿಗೇನು ಕಷ್ಟ ಅಂತ ನೀವೂ ಸಿಟ್ಟಾಗಿರ್ತೀರಿ. ನಮಸ್ಕಾರ. ಇವತ್ತಿನ ಮಾತು ಅದರ ಬಗ್ಗೆಯೇ.

ಬೇಕಂತಲೇ ಹೇಳಲ್ಲ, ಮತ್ತು ಅದು ಸರಿ. ‘ಈ ನಂಬರಿಗೆ ಖಾತೆಯೇ ಇಲ್ಲ’ ಅಂತ ಆ್ಯಪ್ ಬಾಯಿಬಿಟ್ಟರೆ, ಕಳ್ಳ ಸಾವಿರಾರು ಮೊಬೈಲ್ ನಂಬರ್ ಹಾಕಿ ನೋಡಿ, ಖಾತೆ ಇರೋರ ಪಟ್ಟಿ ಮಾಡ್ಕೋತಾನೆ. ಆಮೇಲೆ ಅವರಿಗೇ ಫೋನ್: ‘ನಿಮ್ಮ ಕೆವೈಸಿ ಅವಧಿ ಮುಗಿದಿದೆ, ಒಟಿಪಿ ಹೇಳಿ.’ ವೆಬ್ ಸುರಕ್ಷತೆಗೆ ಎಲ್ಲರೂ ನೋಡೋ ಓವಾಸ್ಪ್ ಸಂಸ್ಥೆಯ ಸಲಹೆಯೂ ಇದೇ: ಯಾವುದು ತಪ್ಪಾದರೂ ಉತ್ತರ ಒಂದೇ ಇರಲಿ.

ಆದರೆ ಲಾಗಿನ್ ಪುಟದಲ್ಲಿ ಗುಟ್ಟು ಕಾಯ್ದು, ಹೊಸ ಖಾತೆ ತೆರೆಯೋ ಪುಟದಲ್ಲಿ ‘ಈ ನಂಬರ್ ಈಗಾಗಲೇ ನೋಂದಣಿಯಾಗಿದೆ’ ಅಂದರೆ ಏನು ಉಳೀತು? ಕೆಲವು ಕಡೆ ಸಮಯವೇ ಗುಟ್ಟು ಬಿಡುತ್ತೆ. ಖಾತೆ ಇದ್ದಾಗ ಮಾತ್ರ ಸರ್ವರ್ ಪಾಸ್‌ವರ್ಡಿನ ಹ್ಯಾಶ್ (ಪಾಸ್‌ವರ್ಡಿನಿಂದ ತೆಗೆಯೋ ಗುಪ್ತ ಗುರುತು) ಲೆಕ್ಕ ಮಾಡುತ್ತೆ, ಬಿಕ್ರಿಪ್ಟ್ ಥರದ ವಿಧಾನವಾದರೆ ಅದು ನಿಧಾನ. ಖಾತೆ ಇಲ್ಲದಿದ್ದರೆ ಉತ್ತರ ತಟ್ಟನೆ ಬರುತ್ತೆ. ಖಾತೆ ಇಲ್ಲದಾಗಲೂ ಒಂದು ಹುಸಿ ಹ್ಯಾಶ್ ಲೆಕ್ಕ ಮಾಡಿಸಬೇಕು. ಅದನ್ನು ಮಾಡದೆ ಬರೀ ವಾಕ್ಯ ಅಸ್ಪಷ್ಟ ಮಾಡಿದರೆ ಕಷ್ಟ ನಮಗೆ, ಕಳ್ಳನಿಗೇನೂ ಅಲ್ಲ.

ಡೊಂಬಿವಲಿಯಲ್ಲಿ ನಮ್ಮ ಹಿರಿಯರೊಬ್ಬರ ಉಳಿತಾಯ ಖಾತೆ, ಬಹಳ ದಿನ ವ್ಯವಹಾರ ಇಲ್ಲ ಅಂತ ನಿಂತುಹೋಗಿತ್ತು. ಪಾಸ್‌ವರ್ಡ್ ಸರಿ, ಒಟಿಪಿಯೂ ಸರಿ. ಆದರೂ ಪರದೆ ಮೇಲೆ ಅದೇ ‘ತಪ್ಪಾಗಿದೆ’. ಪಾಪ, ನನಗೇ ಮರೆವು ಬಂತೇನೋ ಅಂತ ಹೆದರಿಬಿಟ್ಟಿದ್ದರು. ಇದು ಸುರಕ್ಷತೆ ಅಲ್ಲ, ಅಸಡ್ಡೆ. ಎರಡೂ ಸರಿಯಾದ ಮೇಲೆ ಎದುರಿಗಿರೋದು ಖಾತೆಯ ಯಜಮಾನರೇ ಅಂತ, ಬ್ಯಾಂಕಿನವರೇ, ನೀವೇ ಒಪ್ಪಿದ ಹಾಗಲ್ಲವಾ? ಕಾರಣ ಹೇಳಿ.

ಇನ್ನು ಬೀಗ. ಮೂರೇ ಸಲಕ್ಕೆ ಖಾತೆ ಲಾಕ್ ಮಾಡಿದರೆ, ನಿಮ್ಮ ನಂಬರ್ ಗೊತ್ತಿರೋ ಯಾರು ಬೇಕಾದರೂ ನಿಮ್ಮನ್ನು ಹೊರಗೆ ನಿಲ್ಲಿಸಬಹುದು. ಅಮೆರಿಕದ ಸರ್ಕಾರಿ ಮಾನಕ ಸಂಸ್ಥೆ ನಿಸ್ಟ್‌ನ ಮಾರ್ಗಸೂಚಿ ಸತತ ತಪ್ಪು ಯತ್ನಗಳಿಗೆ ಇಟ್ಟಿರೋ ಗರಿಷ್ಠ ಮಿತಿ 100. ಪ್ರತಿ ತಪ್ಪಿಗೂ ಕಾಯೋ ಹೊತ್ತು ಹೆಚ್ಚಿಸುತ್ತಾ ಹೋದರೆ ಸಾಕು. ಲಾಕ್ ಆದರೆ ಆ ಸುದ್ದಿ ಪರದೆ ಮೇಲೆ ಬೇಡ, ನೋಂದಾಯಿಸಿದ ಮೊಬೈಲಿಗೆ ಕಳಿಸಿ.

ಖಾತೆಯ ಸುದ್ದಿಯೇ ಎತ್ತದೆ ಮಾಡಬಹುದಾದ ಸಹಾಯವೂ ಬೇಕಾದಷ್ಟಿದೆ. ಮುಂಬೈಯಲ್ಲಿ ನಮ್ಮವರ ಫೋನಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಕೀಬೋರ್ಡ್ ಇರ್ತವೆ. ಕನ್ನಡದ ೫, ಇಂಗ್ಲಿಷಿನ 5 ಕಂಪ್ಯೂಟರಿಗೆ ಬೇರೆ ಬೇರೆ ಅಕ್ಷರ. ಪರದೆ ಮೇಲೆ ಬರೀ ಚುಕ್ಕೆ ಕಂಡರೆ ಯಾವುದು ಒತ್ತಿದ್ದೀವಿ ಅಂತ ಹೇಗೆ ತಿಳೀಬೇಕು? ಪಾಸ್‌ವರ್ಡ್ ತೋರಿಸೋ ಕಣ್ಣಿನ ಗುರುತು ಇಡಿ. ಕ್ಯಾಪ್ಸ್ ಲಾಕ್ ಆನ್ ಇದ್ದರೆ ಹೇಳಿ. ಇದಕ್ಕೆ ಸರ್ವರನ್ನು ಕೇಳೋದೇ ಬೇಕಿಲ್ಲ, ಕಳ್ಳನಿಗೆ ಇದರಿಂದ ಏನೂ ಸಿಗಲ್ಲ.

ಪುಣೆಯ ಹಿಂಜವಡಿಯಲ್ಲಿ, ಇಲ್ಲಿ ಐರೋಲಿಯಲ್ಲಿ ಕೂತು ಇಂಥ ಪುಟ ಬರೆಯೋ ನಮ್ಮ ಹುಡುಗ ಹುಡುಗಿಯರೇ, ಮುಂದಿನ ರಿಲೀಸಿಗೆ ಆ ಕೆಂಪು ಅಕ್ಷರದ ಕೆಳಗೆ ಒಂದು ಸಹಾಯವಾಣಿ ನಂಬರ್, ಜೊತೆಗೆ ಒಂದು ದೂರು ಸಂಖ್ಯೆ ಹಾಕಿ. ಫೋನ್ ಎತ್ತಿದವರು ಆ ಸಂಖ್ಯೆ ನೋಡಿ, ಯಜಮಾನರು ಹೌದೋ ಅಲ್ಲವೋ ಖಾತ್ರಿ ಮಾಡಿಕೊಂಡು, ನಿಜವಾದ ಕಾರಣ ಹೇಳೋ ಹಾಗಿರಲಿ.